ಮೂಲವ್ಯಾಧಿ ಅಂತ ಮೂಲೆಗಿಟ್ಟರೆ... ಕರುಳಿನ ಕ್ಯಾನ್ಸರ್ ಹಿಡಿದ ಭೂತಗನ್ನಡಿಯ ಕತೆ

ಯಾವ ಊರಿನ ಬಸ್ ಸ್ಟ್ಯಾಂಡಿಗೆ ಬೇಕಾದರೂ ಹೋಗಿ ನೋಡಿ. ಕಾಂಪೌಂಡ್ ಗೋಡೆ, ಲೈಟು ಕಂಬ, ಮೂತ್ರಾಲಯದ ಬಾಗಿಲು ಎಲ್ಲಾ ಕಡೆ ಒಂದೇ ಪೋಸ್ಟರು. “ಆಪರೇಷನ್ ಇಲ್ಲದೆ ಮೂಲವ್ಯಾಧಿ ಗುಣ. ಗ್ಯಾರಂಟಿ.” ಕೆಳಗೊಂದು ಫೋನ್ ನಂಬರು. ಬಸ್ಸಿಗೆ ಕಾಯುವವರು ಅದನ್ನು ಓದದೇ ಇರುವುದಿಲ್ಲ. ಓದಿ, ಅತ್ತಿತ್ತ ನೋಡಿ, ನಂಬರು ಬರೆದುಕೊಳ್ಳುವವರೂ ಇದ್ದಾರೆ.

ಬರೆದುಕೊಳ್ಳಲಿ, ತಪ್ಪಿಲ್ಲ. ಆದರೆ ಒಂದು ಪ್ರಶ್ನೆ. ಅದು ಮೂಲವ್ಯಾಧಿಯೇ ಅಂತ ಹೇಳಿದವರು ಯಾರು?

ಪೇಟೆ ಬೀದಿಯಲ್ಲಿ ಈ ಮಾತುಕತೆ ಕೇಳದವರಿಲ್ಲ.

“ಏನ್ ಶೆಟ್ರೇ, ಬಹಳ ಇಳಿದು ಹೋಗಿದೀರಲ್ಲ?”

“ಏನಿಲ್ಲ ಮೇಷ್ಟ್ರೇ, ಅದೇ ಮೂಲವ್ಯಾಧಿ. ಹೋದ ಯುಗಾದಿಯಿಂದ ಶುರುವಾಗಿದೆ. ಉಷ್ಣ ಜಾಸ್ತಿ ಆಗಿದೆ ನೋಡಿ.”

“ಡಾಕ್ಟರಿಗೆ ತೋರಿಸಿದ್ರಾ?”

“ತೋರಿಸೋಕೇನಿದೆ ಅದ್ರಲ್ಲಿ? ನಾಚಿಕೆಗೇಡು. ಮಜ್ಜಿಗೆ ಕುಡೀತಿದೀನಿ, ಕಾಮಕಸ್ತೂರಿ ಬೀಜ ನೆನೆಸಿ ತಗೋತಿದೀನಿ.”

ಅಲ್ಲಿಗೆ ಮುಗಿಯಿತು. ಬೆಳಗ್ಗೆ ಎಂಟಕ್ಕೆ ಷಟರ್ ಎತ್ತಿ ರಾತ್ರಿ ಒಂಬತ್ತರ ತನಕ ಗಲ್ಲಾ ಮುಂದೆ ಕೂರುವ ವ್ಯಾಪಾರಿ, ದಿನಕ್ಕೆ ಎರಡು ಹೊತ್ತು ಬಸ್ಸಿನಲ್ಲಿ ಕುಲುಕಿಸಿಕೊಂಡು ಹೋಗಿ ಬರುವ ಗುಮಾಸ್ತ, ಸ್ಟೇರಿಂಗ್ ಬಿಡದ ಡ್ರೈವರು, ಇವರೆಲ್ಲ ಕಕ್ಕಸಿನಲ್ಲಿ ರಕ್ತ ಕಂಡರೆ ಹೇಳುವುದು ಒಂದೇ ಹೆಸರು. ನೂರಕ್ಕೆ ಬಹುಪಾಲು ಸಲ ಅವರ ಮಾತು ನಿಜವೂ ಹೌದು. ಹೆಚ್ಚಿನ ರಕ್ತಸ್ರಾವ ಮೂಲವ್ಯಾಧಿಯದ್ದೇ, ಇಲ್ಲವೇ ಗುದದ್ವಾರದ ಬಿರುಕಿನದ್ದು. ತೊಂದರೆ ಇರುವುದು ಉಳಿದ ಕೆಲವರದ್ದು. ಅವರಿಗೆ ಬಂದಿರುವುದು ದೊಡ್ಡ ಕರುಳಿನ ಅಥವಾ ಗುದನಾಳದ ಕ್ಯಾನ್ಸರು. ಮಜ್ಜಿಗೆಗೆ ಅದು ಬಗ್ಗುವುದಿಲ್ಲ.

ಮೊಗ್ಗಲ್ಲೇ ಸಿಕ್ಕರೆ ಜೀವ ಉಳಿಯಿತು

2022ರ ಅಂದಾಜಿನಂತೆ ಇಡೀ ಜಗತ್ತಿನಲ್ಲಿ ಆ ಒಂದೇ ವರ್ಷ ಸುಮಾರು 19 ಲಕ್ಷ ಜನರಿಗೆ ದೊಡ್ಡ ಕರುಳು ಮತ್ತು ಗುದನಾಳದ ಕ್ಯಾನ್ಸರ್ ಹೊಸದಾಗಿ ಬಂತು. ಸುಮಾರು 9 ಲಕ್ಷ ಜನ ಸತ್ತರು. ಕ್ಯಾನ್ಸರುಗಳ ಪೈಕಿ ಸಾವಿನ ಲೆಕ್ಕದಲ್ಲಿ ಇದಕ್ಕೆ ಎರಡನೇ ಸ್ಥಾನ. ನಮ್ಮ ದೇಶದಲ್ಲಿ ಇದರ ಹಾವಳಿ ಅಮೆರಿಕ, ಜಪಾನುಗಳಿಗಿಂತ ಬಹಳ ಕಡಿಮೆ. ಅದು ಪುಣ್ಯ. ಆದರೆ ಬಂದವರು ಆಸ್ಪತ್ರೆ ಮೆಟ್ಟಿಲು ಹತ್ತುವುದು ತಡವಾಗಿ. ಅದು ಪಾಪ.

ತಡವಾದರೆ ಏನಾಗುತ್ತೆ ಅನ್ನುವುದಕ್ಕೆ ಅಮೆರಿಕದವರ ಲೆಕ್ಕ ನೋಡಿ. ಗಡ್ಡೆ ಕರುಳಿನೊಳಗೇ ಇರುವಾಗ ಸಿಕ್ಕಿಬಿದ್ದರೆ ನೂರರಲ್ಲಿ ಸುಮಾರು 90 ಜನ ಐದು ವರ್ಷ ದಾಟುತ್ತಾರೆ. ಪಿತ್ತಜನಕಾಂಗ, ಶ್ವಾಸಕೋಶ ಅಂತ ದೂರದ ಅಂಗಕ್ಕೆ ಹರಡಿದ ಮೇಲೆ ಸಿಕ್ಕರೆ ನೂರರಲ್ಲಿ 15ರ ಆಸುಪಾಸು. ರೋಗ ಅದೇ, ಆಸ್ಪತ್ರೆ ಅದೇ, ಡಾಕ್ಟರೂ ಅದೇ. ವ್ಯತ್ಯಾಸ ಒಂದೇ, ಹೋದ ಹೊತ್ತು.

ಹಾಗಾದರೆ ಮೊಗ್ಗಲ್ಲೇ ಹಿಡಿಯುವುದು ಹೇಗೆ? ಕರುಳೇನು ಅಂಗೈ ಮೇಲಿದೆಯೇ? ಸುಮಾರು ಐದಡಿ ಉದ್ದದ ಕೊಳವೆ, ಹೊಟ್ಟೆಯೊಳಗೆ ಕಮಾನಿನ ಹಾಗೆ ಸುತ್ತಿಕೊಂಡಿದೆ. ಒಳಗೆ ಕತ್ತಲು. ಅಲ್ಲಿ ಒಂದು ಅವರೆಕಾಳಿಗಿಂತ ಚಿಕ್ಕದಾದ ಕಲೆ ಹುಡುಕುವುದು ಅಂದರೆ ಹುಡುಗಾಟವಲ್ಲ. ಆ ಕೆಲಸವನ್ನು ಒಂದು ಹಟ ಹಿಡಿದು ಮಾಡಿ ತೋರಿಸಿದ್ದು ಜಪಾನಿನ ಡಾಕ್ಟರುಗಳು.

ಬೆಳಕು ಬಗ್ಗಿಸಿದ ಪಂಜಾಬಿ

ಕತೆಯ ಮೊದಲ ಕೊಂಡಿಯಲ್ಲಿ ನಮ್ಮವರೊಬ್ಬರಿದ್ದಾರೆ ಅನ್ನುವುದು ಹೆಮ್ಮೆಯ ಮಾತು. ಪಂಜಾಬಿನ ಮೋಗಾದಲ್ಲಿ 1926ರಲ್ಲಿ ಹುಟ್ಟಿದ ನರಿಂದರ್ ಸಿಂಗ್ ಕಪಾನಿ ಲಂಡನ್ನಿಗೆ ಓದಲು ಹೋದವರು. ಅಲ್ಲಿ ಹೆರಾಲ್ಡ್ ಹಾಪ್ಕಿನ್ಸ್ ಎಂಬ ವಿಜ್ಞಾನಿಯ ಜೊತೆ ಸೇರಿ, ಕೂದಲೆಳೆಯಂಥ ಗಾಜಿನ ಎಳೆಗಳ ಕಟ್ಟಿನ ಮೂಲಕ ಚಿತ್ರವನ್ನು ಬಾಗಿಸಿ ಸಾಗಿಸಬಹುದು ಅಂತ 1954ರಲ್ಲಿ ತೋರಿಸಿದರು. ಅದನ್ನೇ ಹಿಡಿದು ಅಮೆರಿಕದಲ್ಲಿ ಬೇಸಿಲ್ ಹಿರ್ಷೊವಿಟ್ಸ್ ಎಂಬ ಡಾಕ್ಟರು 1957ರಲ್ಲಿ ಹೊಟ್ಟೆಯೊಳಗೆ ಇಳಿಸುವ ಬಳುಕುವ ದುರ್ಬೀನು ಮಾಡಿದರು. ಕಪಾನಿಯವರಿಗೆ ಭಾರತ ಸರ್ಕಾರ ಪದ್ಮವಿಭೂಷಣ ಕೊಟ್ಟಿದ್ದು 2021ರಲ್ಲಿ. ಅಷ್ಟು ಹೊತ್ತಿಗೆ ಅವರು ತೀರಿಕೊಂಡಿದ್ದರು.

ದುರ್ಬೀನು ಬಾಯಿಂದ ಜಠರಕ್ಕೆ ಇಳಿದಂತೆ, ಗುದದ್ವಾರದಿಂದ ದೊಡ್ಡ ಕರುಳಿಗೂ ಹತ್ತಿತು. ಅದೇ ಕೊಲೊನೋಸ್ಕೋಪಿ. ಮೊದಮೊದಲು ಡಾಕ್ಟರುಗಳು ಹುಡುಕಿದ್ದು ಪಾಲಿಪ್ಪುಗಳನ್ನು. ಪಾಲಿಪ್ ಅಂದರೆ ಕರುಳಿನ ಒಳಗೋಡೆಯಲ್ಲಿ ಅಣಬೆಯ ಹಾಗೆ ಎದ್ದು ನಿಲ್ಲುವ ಗಂಟು. ಇವುಗಳಲ್ಲಿ ಕೆಲವು ವರ್ಷಗಟ್ಟಲೆ, ಸಾಮಾನ್ಯವಾಗಿ ಹತ್ತು ವರ್ಷದಷ್ಟು ನಿಧಾನವಾಗಿ ಕ್ಯಾನ್ಸರ್ ಆಗುತ್ತವೆ. ಅಷ್ಟರೊಳಗೆ ಕಂಡರೆ ತಂತಿಯ ಕುಣಿಕೆ ಹಾಕಿ ಅಲ್ಲೇ ಕತ್ತರಿಸಬಹುದು. 1993ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನ 1,418 ಜನರನ್ನು ವರ್ಷಗಟ್ಟಲೆ ಹಿಂಬಾಲಿಸಿತು. ಹೀಗೆ ಪಾಲಿಪ್ ತೆಗೆಸಿಕೊಂಡವರಲ್ಲಿ ಕ್ಯಾನ್ಸರ್ ಬರುವುದು, ಬರಬಹುದಾಗಿದ್ದ ಲೆಕ್ಕಕ್ಕಿಂತ ನೂರಕ್ಕೆ 76ರಿಂದ 90ರಷ್ಟು ಇಳಿದಿತ್ತು.

ಸರಿ, ಅಣಬೆ ಕಣ್ಣಿಗೆ ಬೀಳುತ್ತೆ. ಅಣಬೆಯೇ ಆಗದೆ, ನೆಲಕ್ಕೆ ನೆಲವಾಗಿ ಕೂತ ಕ್ಯಾನ್ಸರ್ ಇದ್ದರೆ?

ಭೂತ ಹಿಡಿದ ಭೂತಗನ್ನಡಿ

ಅಂಥದ್ದೊಂದು ಇದೆ ಅಂದಾಗ ಜಪಾನಿನಲ್ಲೇ ಬಹಳ ಜನ ನಂಬಲಿಲ್ಲ. ಎದ್ದು ನಿಲ್ಲುವ ಬದಲು ತುಸು ಗುಳಿ ಬಿದ್ದ ಹಾಗಿರುವ, ಅರ್ಧ ಸೆಂಟಿಮೀಟರೋ ಒಂದು ಸೆಂಟಿಮೀಟರೋ ಇರುವ, ಆದರೂ ಆಳಕ್ಕೆ ಬೇರು ಬಿಡುವ ಕ್ಯಾನ್ಸರು. ಯಾರೋ ಒಬ್ಬರಿಗೆ ಅಪರೂಪಕ್ಕೆ ಕಂಡಿತಂತೆ, ಉಳಿದವರಿಗೆ ಕಾಣಲಿಲ್ಲವಂತೆ. ಅಲ್ಲಿನ ವೈದ್ಯರು ಅದಕ್ಕೆ ‘ಮಾಯಾ ಕ್ಯಾನ್ಸರ್’ ಅಂತಲೇ ಹೆಸರಿಟ್ಟಿದ್ದರು. ನಮ್ಮ ಭಾಷೆಯಲ್ಲಿ ಹೇಳಬೇಕಾದರೆ ಭೂತ. ಇದೆ ಅನ್ನುವವರುಂಟು, ಕಂಡವರಿಲ್ಲ.

ಈ ಭೂತದ ಬೆನ್ನು ಹತ್ತಿದವರು ಡಾ. ಶಿನ್‌ಎಯಿ ಕುಡೊ. ಟೋಕಿಯೋದ ದೊಡ್ಡ ಆಸ್ಪತ್ರೆಯವರಲ್ಲ. ಜಪಾನಿನ ಉತ್ತರ ಭಾಗದ, ಹಿಮ ಸುರಿಯುವ ಅಕಿತಾ ಎಂಬ ಊರಿನ ರೆಡ್‌ಕ್ರಾಸ್ ಆಸ್ಪತ್ರೆಯಲ್ಲಿದ್ದವರು. 1980ರ ದಶಕದ ನಡುವಿನಿಂದ ಅವರು ಮತ್ತು ಅವರ ತಂಡ ಇಂಥ ಗುಳಿ ಕ್ಯಾನ್ಸರುಗಳನ್ನು ಒಂದಾದ ಮೇಲೊಂದು ಹಿಡಿದು ತೋರಿಸತೊಡಗಿದರು. ಗುಟ್ಟೇನಪ್ಪಾ ಅಂದರೆ, ಕಣ್ಣು. ಒಳಗೋಡೆಯಲ್ಲಿ ಎಲ್ಲೋ ಸ್ವಲ್ಪ ಕೆಂಪಾದ ಹಾಗಿದೆಯೇ, ಸಣ್ಣ ರಕ್ತನಾಳಗಳ ಬಲೆ ಒಂದು ಕಡೆ ಮಾಸಿದ ಹಾಗಿದೆಯೇ, ಅಲ್ಲಿ ನಿಲ್ಲು. ಮುಂದಕ್ಕೆ ಓಡಬೇಡ.

ನಿಂತ ಮೇಲೆ ಬಣ್ಣ. ಇಂಡಿಗೊ ಕಾರ್ಮೈನ್ ಎಂಬ ನೀಲಿಯನ್ನು ಅಲ್ಲಿ ಚಿಮುಕಿಸುತ್ತಾರೆ. ಅದು ಗೋಡೆ ಹೀರಿಕೊಳ್ಳುವ ಬಣ್ಣವಲ್ಲ. ಮಳೆ ನೀರು ರಸ್ತೆ ಗುಂಡಿಯಲ್ಲಿ ನಿಂತ ಹಾಗೆ ತಗ್ಗಿದ್ದಲ್ಲಿ ಹೋಗಿ ನಿಲ್ಲುತ್ತದೆ. ಟಾರು ರಸ್ತೆ ಒಣಗಿದ್ದಾಗ ಕಾಣದ ತಗ್ಗು ಮಳೆ ಬಂದಾಗ ಕಾಣುವುದಿಲ್ಲವೇ? ಹಾಗೇ ಇದು. ಗುಳಿಯ ಅಂಚು ಗೆರೆ ಎಳೆದ ಹಾಗೆ ಎದ್ದು ಬರುತ್ತದೆ.

ಆಮೇಲೆ ಭೂತಗನ್ನಡಿ. 1970ರ ದಶಕದಲ್ಲೇ ದೊಡ್ಡದು ಮಾಡಿ ತೋರಿಸುವ ದುರ್ಬೀನುಗಳು ಬಂದಿದ್ದವು. ಆದರೆ ಅವನ್ನು ದಿನನಿತ್ಯ ಬಳಸುವುದು ತೊಡಕಿನ ಕೆಲಸ. 1993ರಲ್ಲಿ ಒಲಿಂಪಸ್ ಕಂಪನಿಯ ಹೊಸ ದುರ್ಬೀನು ಬಂತು. ಮಾಮೂಲಿ ಕೊಲೊನೋಸ್ಕೋಪಿನ ಹಾಗೆಯೇ ಒಳಗೆ ಹೋಗುತ್ತೆ. ಬೇಕಾದ ಕಡೆ ನಿಲ್ಲಿಸಿ ಒಂದು ಸನ್ನೆ ಒತ್ತಿದರೆ ನೂರು ಪಟ್ಟು ದೊಡ್ಡದಾಗಿ ಕಾಣುತ್ತೆ.

ಬಸ್ ಸ್ಟ್ಯಾಂಡ್ ಪಕ್ಕ ಗೂಡಂಗಡಿಯಲ್ಲಿ ವಾಚ್ ರಿಪೇರಿಯವರು ಕೂತಿರುತ್ತಾರಲ್ಲ, ಅವರನ್ನು ನೋಡಿ. ಗಿರಾಕಿ ವಾಚು ಕೊಟ್ಟರೆ ಮೊದಲು ಕಣ್ಣಿಗೆ ಗಾಜು ಸಿಕ್ಕಿಸಿಕೊಳ್ಳುತ್ತಾರೆ. ಹಿಂದಿನ ಮುಚ್ಚಳ ತೆಗೆದು ಎರಡು ನಿಮಿಷ ನೋಡುತ್ತಾರೆ. “ಬರೀ ಧೂಳು, ಐದು ನಿಮಿಷ ಕೂತ್ಕೊಳ್ಳಿ” ಅಂತಲೋ, “ಇದು ಇಲ್ಲಿ ಆಗಲ್ಲ ಸ್ವಾಮೀ, ಕಂಪನಿಗೇ ಕಳಿಸಬೇಕು” ಅಂತಲೋ ಹೇಳಿಬಿಡುತ್ತಾರೆ. ಕಳಚುವ ಮುಂಚೆಯೇ ತೀರ್ಮಾನ. ಕುಡೊ ಅವರು ಕರುಳಿನಲ್ಲಿ ಮಾಡಿದ್ದು ಅದೇ ಕೆಲಸ.

ಎಲ್ಲರ ಮನೆ ದೋಸೆಯೂ ತೂತೇ

ಭೂತಗನ್ನಡಿಯಲ್ಲಿ ಕಾಣುವುದಾದರೂ ಏನು? ತೂತು.

ಕರುಳಿನ ಒಳಗೋಡೆ ತುಂಬ ಸಣ್ಣ ಸಣ್ಣ ಗ್ರಂಥಿಗಳಿವೆ. ಒಂದೊಂದಕ್ಕೂ ಒಂದೊಂದು ಬಾಯಿ. ಮಿಲಿಮೀಟರಿನ ಹತ್ತರಲ್ಲೊಂದು ಭಾಗಕ್ಕಿಂತಲೂ ಕಿರಿದು. ಆರೋಗ್ಯವಾದ ಕರುಳಿನಲ್ಲಿ ಈ ಬಾಯಿಗಳೆಲ್ಲ ಗುಂಡಗೆ, ಒಂದೇ ಅಳತೆಗೆ, ಸಾಲಾಗಿರುತ್ತವೆ. ಹೋಟೆಲಿನಲ್ಲಿ ಚೆನ್ನಾಗಿ ಎದ್ದ ಸೆಟ್ ದೋಸೆಯ ಮೇಲ್ಮೈ ನೆನಪು ಮಾಡಿಕೊಳ್ಳಿ.

ಎಲ್ಲರ ಮನೆ ದೋಸೆಯೂ ತೂತೇ ಅಂತ ಗಾದೆ ಇದೆ. ಕರುಳಿನ ವಿಚಾರದಲ್ಲಿ ತೂತಿದ್ದರೆ ಕ್ಷೇಮ. ತೂತಿನ ಆಕಾರ ಕೆಟ್ಟರೆ ಎಚ್ಚರ. ತೂತೇ ಇಲ್ಲದಿದ್ದರೆ ಅಪಾಯ.

ಈ ತೂತುಗಳ ಆಕಾರ ನೋಡಿಯೇ ಕುಡೊ ಅವರ ತಂಡ 1990ರ ದಶಕದಲ್ಲಿ ಐದು ವರ್ಗ ಮಾಡಿತು. ಇವತ್ತಿಗೂ ಜಗತ್ತಿನಾದ್ಯಂತ ಅದು ಅವರ ಹೆಸರಿನಲ್ಲೇ ನಡೆಯುತ್ತದೆ.

ಮೊದಲನೇ ವರ್ಗ, ಗುಂಡು ತೂತು. ಆರೋಗ್ಯದ ಗುರುತು. ಎರಡನೆಯದು ನಕ್ಷತ್ರದ ಹಾಗೆ. ಇದೂ ಸಾಮಾನ್ಯವಾಗಿ ನಿರುಪದ್ರವಿ. ಮೂರನೆಯದರಲ್ಲಿ ಎರಡು ಬಗೆ. ಶಾವಿಗೆ ಎಳೆಯಂತೆ ಉದ್ದುದ್ದ ಕಂಡರೆ ಅದು ಮುಂದೆ ಕೆಡಬಹುದಾದ ಪಾಲಿಪ್. ಮಾಮೂಲಿಗಿಂತಲೂ ಚಿಕ್ಕದಾಗಿ, ಗಸಗಸೆ ಚೆಲ್ಲಿದ ಹಾಗೆ ಒತ್ತೊತ್ತಾಗಿ ಕಂಡರೆ ಹುಷಾರು. ಗುಳಿ ಬಿದ್ದ ‘ಭೂತ’ಗಳಲ್ಲಿ ಕಾಣುವುದು ಇದೇ. ನಾಲ್ಕನೆಯದು ಕವಲೊಡೆದು, ಮಡಿಕೆ ಮಡಿಕೆಯಾಗಿ, ಅಕ್ರೋಟ್ ಕಾಯಿಯ ತಿರುಳಿನ ಹಾಗೆ. ಮೂರು, ನಾಲ್ಕನ್ನು ದುರ್ಬೀನಿನಿಂದಲೇ ಕತ್ತರಿಸಿ ತೆಗೆಯಬಹುದು.

ಐದನೆಯದು ಕ್ಯಾನ್ಸರಿನ ಗುರುತು. ಅದರಲ್ಲೂ ಎರಡು. ತೂತುಗಳು ಅಡ್ಡಾದಿಡ್ಡಿಯಾಗಿ ಹರಿದು ಹೋದ ಹಾಗಿದ್ದರೆ ಇನ್ನೂ ಆಸೆ ಇದೆ, ಆಳ ನೋಡಬೇಕು. ತೂತೇ ಇಲ್ಲದೆ, ಸೀದು ಹೋದ ದೋಸೆಯ ಹಾಗೆ ಬೋಳಾಗಿದ್ದರೆ ಬೇರು ಆಳಕ್ಕೆ ಇಳಿದಿದೆ ಅಂತ ಅರ್ಥ. ಅದಕ್ಕೆ ದುರ್ಬೀನಿನ ಕುಣಿಕೆ ಸಾಲದು. ಹೊಟ್ಟೆಯ ಆಪರೇಷನ್ನೇ ಆಗಬೇಕು.

ಐದನೇ ವರ್ಗ ಹೌದೋ ಅಲ್ಲವೋ ಅಂತ ಅನುಮಾನ ಬಂದರೆ ಇನ್ನೊಂದು ಬಣ್ಣ ಹಾಕುತ್ತಾರೆ. ಕ್ರಿಸ್ಟಲ್ ವಯಲೆಟ್. ಹೆಸರು ಹೊಸದು, ಸರಕು ಹಳೇದು. ಬಾಯಿ ಹುಣ್ಣಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಹಿಂದೆಲ್ಲ ಹಚ್ಚುತ್ತಿದ್ದ ನೇರಳೆ ಔಷಧಿ, ಜೆನ್ಷನ್ ವಯಲೆಟ್ ಇತ್ತಲ್ಲ, ಅದರ ಮುಖ್ಯ ಸರಕೇ ಇದು. ಜೀವಕೋಶಗಳು ಇದನ್ನು ಹೀರಿಕೊಂಡು ನೇರಳೆಯಾಗುತ್ತವೆ, ತೂತುಗಳು ಮಾತ್ರ ಬಿಳಿಯಾಗಿ ಎದ್ದು ಕಾಣುತ್ತವೆ.

ಒಂದು ಮಿಲಿಮೀಟರಿನ ಪಂಚಾಯ್ತಿ

ಇಷ್ಟೆಲ್ಲ ತೂತು ಎಣಿಸಿ ಆಗುವುದೇನು ಅಂತ ಕೇಳಬಹುದು. ಕತ್ತರಿಸಿ ಲ್ಯಾಬಿಗೆ ಕಳಿಸಿದರೆ ಆಯಿತಲ್ಲ?

ಪಾಯಿಂಟು ಇರುವುದೇ ಇಲ್ಲಿ. ಕ್ಯಾನ್ಸರ್ ಒಳಪೊರೆಯಲ್ಲೇ ಇದ್ದರೆ, ಅಥವಾ ಅದರ ಕೆಳಗಿನ ಪದರಕ್ಕೆ ಒಂದು ಮಿಲಿಮೀಟರಿಗಿಂತ ಕಡಿಮೆ ಇಳಿದಿದ್ದರೆ, ಹಾಲುರಸ ಗ್ರಂಥಿಗಳಿಗೆ ಹರಡಿರುವ ಸಂಭವ ಬಹಳ ಕಡಿಮೆ. ಅಂಥದ್ದನ್ನು ದುರ್ಬೀನಿನಿಂದಲೇ ತೆಗೆಯಬಹುದು. ಕಲೆಯ ಕೆಳಗೆ ಸೂಜಿಯಿಂದ ಉಪ್ಪುನೀರು ತುಂಬಿ ಅದನ್ನು ಪೂರಿಯಂತೆ ಉಬ್ಬಿಸಿ, ಕೆಳಗಿನಿಂದ ಕೊಯ್ದುಬಿಡುತ್ತಾರೆ. ಹೊಟ್ಟೆ ಸೀಳುವುದಿಲ್ಲ. ಕೆಲವೇ ದಿನದಲ್ಲಿ ಅಂಗಡಿಗೆ ವಾಪಸ್.

ಒಂದು ಮಿಲಿಮೀಟರ್ ದಾಟಿ ಆಳಕ್ಕೆ ಹೋಗಿದ್ದರೆ ಕರುಳಿನ ಆ ಭಾಗವನ್ನೂ ಸುತ್ತಲ ಗ್ರಂಥಿಗಳನ್ನೂ ಆಪರೇಷನ್ ಮಾಡಿ ತೆಗೆಯಬೇಕಾಗುತ್ತದೆ. ಗಡ್ಡೆ ಗುದನಾಳದ ತುದಿಯಲ್ಲಿದ್ದರೆ ಕೆಲವರಿಗೆ ಹೊಟ್ಟೆಯ ಮೇಲೇ ಮಲದ ಚೀಲ ಕಟ್ಟಿಕೊಂಡು ಬದುಕುವ ಪಾಡು. ಒಂದು ಮಿಲಿಮೀಟರಿನ ಆಚೆ ಈಚೆ ಇಷ್ಟೊಂದು ಫರಕು. ಅದನ್ನು ಕತ್ತಿ ಎತ್ತುವ ಮುಂಚೆಯೇ ಅಂದಾಜು ಮಾಡಿಕೊಡುವುದು ಭೂತಗನ್ನಡಿ. ಏನೂ ಮಾಡದ ಪಾಲಿಪ್ಪನ್ನು ಸುಮ್ಮನೆ ಕತ್ತರಿಸುವುದೂ ತಪ್ಪಿತು, ದೊಡ್ಡ ಆಪರೇಷನ್ ಬೇಕಾದವರಿಗೆ ಅರೆಬರೆ ಕೊಯ್ಯುವುದೂ ತಪ್ಪಿತು. ಆದರೂ ಕೊನೇ ಮಾತು ಲ್ಯಾಬಿನದ್ದೇ. ತೆಗೆದ ತುಂಡು ಅಲ್ಲಿಗೆ ಹೋಗಲೇಬೇಕು.

ಬಿಳಿಯರೂ ಒಪ್ಪಿದರು

ಪಶ್ಚಿಮದ ಡಾಕ್ಟರುಗಳು ಇದನ್ನು ಕೂಡಲೇ ಒಪ್ಪಲಿಲ್ಲ. “ಅದು ಜಪಾನಿನವರಿಗೆ ಮಾತ್ರ ಬರೋ ಕಾಯಿಲೆ” ಅಂತ ಕೈ ತೊಳೆದುಕೊಂಡವರೇ ಹೆಚ್ಚು. ಆದರೆ ಇಂಗ್ಲೆಂಡಿನ ಲೀಡ್ಸ್ ನಗರದಲ್ಲಿ ಸಾವಿರ ಕೊಲೊನೋಸ್ಕೋಪಿಗಳಲ್ಲಿ ಜಪಾನೀ ವಿಧಾನದಿಂದ ಹುಡುಕಿ, 2000ದಲ್ಲಿ ಫಲಿತಾಂಶ ಪ್ರಕಟಿಸಿದರು. ಸಿಕ್ಕ ಅಡಿನೋಮ ಗಂಟುಗಳಲ್ಲಿ ಮೂರರಲ್ಲೊಂದಕ್ಕಿಂತ ಹೆಚ್ಚು ಚಪ್ಪಟೆಯವು. ಗುಳಿ ಬಿದ್ದವೂ ಸಿಕ್ಕವು, ಅಪರೂಪಕ್ಕೆ. 2008ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಮಾಜಿ ಸೈನಿಕರನ್ನು ಪರೀಕ್ಷಿಸಿದವರೂ ಅದನ್ನೇ ಹೇಳಿದರು. ಭೂತ ಎಲ್ಲಾ ಊರಲ್ಲೂ ಇತ್ತು. ನೋಡುವ ಕಣ್ಣು ಇರಲಿಲ್ಲ ಅಷ್ಟೇ.

ಆಮೇಲೆ ಬಣ್ಣ ಹಾಕುವ ತಾಪತ್ರಯವೂ ಕಡಿಮೆಯಾಯಿತು. ದೀಪದ ಬೆಳಕನ್ನೇ ಸೋಸಿ ನೀಲಿ, ಹಸಿರು ಎರಡು ಕಿರಿದಾದ ಪಟ್ಟಿಗಳನ್ನು ಮಾತ್ರ ಬಿಡುವ ಉಪಾಯ 2000ದ ದಶಕದ ನಡುವೆ ಮಾರುಕಟ್ಟೆಗೆ ಬಂತು. ಈ ಎರಡು ಬೆಳಕನ್ನು ರಕ್ತ ಚೆನ್ನಾಗಿ ಹೀರುವುದರಿಂದ ಸಣ್ಣ ರಕ್ತನಾಳಗಳು ಕಪ್ಪು ಕಂದಾಗಿ ಎದ್ದು ಕಾಣುತ್ತವೆ. ಗುಂಡಿ ಒತ್ತಿದರೆ ಸಾಕು. ಕುಡೊ ಅವರು ಮುಂದೆ ಯೊಕೊಹಾಮಾದ ಶೋವಾ ವಿಶ್ವವಿದ್ಯಾಲಯದ ಆಸ್ಪತ್ರೆಗೆ ಹೋದರು. ಅಲ್ಲಿ ಐನೂರು ಪಟ್ಟು ದೊಡ್ಡದು ಮಾಡಿ ಜೀವಕೋಶವನ್ನೇ ತೋರಿಸುವ ದುರ್ಬೀನಿನ ಕೆಲಸ ನಡೆಯಿತು. ಆ ಚಿತ್ರ ನೋಡಿ ಕೆಟ್ಟದ್ದೋ ಒಳ್ಳೆಯದೋ ಹೇಳುವ ಕಂಪ್ಯೂಟರ್ ಪ್ರೋಗ್ರಾಮಿಗೆ 2018ರಲ್ಲಿ ಜಪಾನಿನಲ್ಲಿ ಸರ್ಕಾರದ ಒಪ್ಪಿಗೆಯೂ ಸಿಕ್ಕಿತು.

ನಮ್ಮ ಪೇಟೆಗೆ ಇದರಿಂದ ಏನು?

ಜಪಾನಿನಲ್ಲಿ 40 ದಾಟಿದವರಿಗೆ ವರ್ಷಕ್ಕೊಮ್ಮೆ ಮಲ ಪರೀಕ್ಷೆ ಮಾಡುವ ಸರ್ಕಾರಿ ಏರ್ಪಾಡು 1992ರಿಂದ ಇದೆ. ಕಣ್ಣಿಗೆ ಕಾಣದ ರಕ್ತದ ಅಂಶ ಇದೆಯೇ ಅಂತ ನೋಡುತ್ತಾರೆ. ಇದ್ದರೆ ಮಾತ್ರ ಕೊಲೊನೋಸ್ಕೋಪಿ. ನಮ್ಮ ಸರ್ಕಾರದ ತಪಾಸಣೆ ಕಾರ್ಯಕ್ರಮದಲ್ಲಿ ಇರುವುದು ಬಾಯಿ, ಸ್ತನ, ಗರ್ಭಕೊರಳಿನ ಕ್ಯಾನ್ಸರುಗಳು. ಕರುಳಿನದ್ದು ಇಲ್ಲ. ಹಾಗಾಗಿ ಮನೆ ಬಾಗಿಲಿಗೆ ಯಾರೂ ಬಂದು ಕೇಳುವುದಿಲ್ಲ. ನಾವೇ ಹೋಗಬೇಕು.

ಹೋಗುವುದು ಯಾವಾಗ? ಮಲದಲ್ಲಿ ರಕ್ತ ಪದೇ ಪದೇ ಕಂಡಾಗ. ಹೊಟ್ಟೆ ಹೋಗುವ ರೀತಿ ವಾರಗಟ್ಟಲೆ ಬದಲಾದಾಗ, ಅಂದರೆ ಇದ್ದಕ್ಕಿದ್ದಂತೆ ಮಲಬದ್ಧತೆ, ಇಲ್ಲವೇ ಭೇದಿ, ಇಲ್ಲವೇ ಎಷ್ಟು ಸಲ ಹೋದರೂ ಪೂರ್ತಿ ಆಗಲಿಲ್ಲ ಅನಿಸಿದಾಗ. ಕಾರಣವಿಲ್ಲದೆ ತೂಕ ಇಳಿದಾಗ. ರಕ್ತ ಕಡಿಮೆ ಇದೆ ಅಂತ ಕಬ್ಬಿಣದ ಮಾತ್ರೆ ನುಂಗಿ ನುಂಗಿಯೂ ಏರದಿದ್ದಾಗ. ಅಪ್ಪ, ಅಮ್ಮ, ಅಣ್ಣತಮ್ಮಂದಿರಲ್ಲಿ ಯಾರಿಗಾದರೂ ಈ ಕಾಯಿಲೆ ಬಂದಿದ್ದರೆ ಏನೂ ಕಾಣದಿದ್ದರೂ ಒಮ್ಮೆ ಕೇಳಬೇಕು.

ಹೋದರೆ ಮೊದಲು ಭೂತಗನ್ನಡಿಯೂ ಬೇಡ, ಕಂಪ್ಯೂಟರೂ ಬೇಡ. ಡಾಕ್ಟರು ಕೈಗೆ ಗ್ಲೌಸು ಹಾಕಿ ಬೆರಳಿನಿಂದ ಪರೀಕ್ಷೆ ಮಾಡುತ್ತಾರೆ. ಎರಡು ನಿಮಿಷದ ಕೆಲಸ. ಗುದನಾಳದ ಕೆಳಭಾಗದ ಗಡ್ಡೆ ಬೆರಳಿಗೇ ಸಿಗುತ್ತದೆ. ಇದಕ್ಕೆ ತಾಲ್ಲೂಕು ಆಸ್ಪತ್ರೆ ಸಾಕು. ಅನುಮಾನ ಬಂದರೆ ಕೊಲೊನೋಸ್ಕೋಪಿಗೆ ಬರೆದುಕೊಡುತ್ತಾರೆ. ಹಿಂದಿನ ದಿನ ಭೇದಿಯ ಪುಡಿಯನ್ನು ಲೀಟರುಗಟ್ಟಲೆ ನೀರಲ್ಲಿ ಕಲಸಿ ಕುಡಿಯಬೇಕು. ನಿಜ ಹೇಳಬೇಕಾದರೆ ಇಡೀ ಪರೀಕ್ಷೆಯಲ್ಲಿ ಕಷ್ಟದ ಭಾಗ ಅದೇ. ಆದರೆ ಕರುಳು ಚೊಕ್ಕಟ ಇರದಿದ್ದರೆ ನೂರು ಪಟ್ಟು ತೋರಿಸುವ ಗಾಜಿಗೂ ಕಾಣುವುದು ಕೊಳೆಯೇ.

ಪೋಸ್ಟರಿನವರ ಔಷಧಿ ತಗೊಳ್ಳಬೇಡಿ ಅಂತಲ್ಲ. ಇದು ಮೂಲವ್ಯಾಧಿಯೇ ಹೌದು ಅಂತ ಒಬ್ಬ ಡಾಕ್ಟರು ನೋಡಿ ಹೇಳಿದ ಮೇಲೆ ಮಜ್ಜಿಗೆಯನ್ನಾದರೂ ಕುಡಿಯಿರಿ, ಪೋಸ್ಟರಿಗಾದರೂ ಫೋನ್ ಮಾಡಿ. ನೋಡದೆ ಕೊಡುವ ಗ್ಯಾರಂಟಿಯನ್ನು ಯಾವ ವ್ಯಾಪಾರಿಯೂ ನಂಬುವುದಿಲ್ಲ. ಮಿಕ್ಸಿ ತಗೊಳ್ಳುವಾಗ ಪ್ಲಗ್ ಹಾಕಿ ನೋಡುವವರು, ಅಕ್ಕಿ ಮೂಟೆಗೆ ಕೊಕ್ಕೆ ಚುಚ್ಚಿ ನೋಡುವವರು, ತಮ್ಮ ಕರುಳಿನ ವಿಚಾರದಲ್ಲಿ ಮಾತ್ರ ಗೋಡೆ ಬರಹ ನಂಬುವುದು ಯಾವ ನ್ಯಾಯ?

ಅಕಿತಾದ ಡಾಕ್ಟರು ಹೇಳಿಕೊಟ್ಟಿದ್ದು ಇಷ್ಟೇ. ಅನುಮಾನ ಬಂದ ಕಡೆ ನಿಂತು ನೋಡು. ಶೆಟ್ಟರು ನಾಳೆ ಬೆಳಗ್ಗೆ ಅಂಗಡಿ ಬೀಗದ ಕೈ ಮಗನ ಕೈಗೆ ಕೊಟ್ಟು, ಒಂದು ಹೊತ್ತು ಆಸ್ಪತ್ರೆ ಕಡೆ ಹೋಗಿಬರಲಿ. ಬರೀ ಮೂಲವ್ಯಾಧಿ ಅಂತಾದರೆ ನಿಶ್ಚಿಂತೆಯಿಂದ ಗಲ್ಲಾದಲ್ಲಿ ಕೂರಬಹುದು.